ತಿಪ್ಪಿಗೊಬ್ಬ ಧಣಿ ಬೇಕು

ನಮ್ಮ ಕಡೆಯ ಶಾಲೆಗಳ ಹಾಜರಿ ಪುಸ್ತಕ ತೆರೆದರೆ ಒಬ್ಬ ತಿಪ್ಪಣ್ಣನೋ ಒಬ್ಬಳು ತಿಪ್ಪವ್ವನೋ ಸಿಕ್ಕೇ ಸಿಗುತ್ತಿದ್ದ ಕಾಲ ಒಂದಿತ್ತು. ಮೂವತ್ತು ವರ್ಷ ಲೆಕ್ಕ ಕಲಿಸಿದ ನಾನು ಆ ಹೆಸರುಗಳನ್ನು ದಿನಾ ಬೆಳಗ್ಗೆ ಕೂಗಿದವನು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಹೊಸ ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸುತ್ತಿದ್ದರು. ಆಮೇಲೆ 'ಇದು ತಿಪ್ಪಿಯಾಗ ಸಿಕ್ಕದ್ದು, ನಮ್ಮದಲ್ಲ' ಎಂದು ಯಾರಿಗೋ ಕೇಳುವ ಹಾಗೆ ಹೇಳಿ ಎತ್ತಿಕೊಂಡು ಬರುತ್ತಿದ್ದರು. ಯಮನ ಕಣ್ಣಿಗೆ ಮಣ್ಣೆರಚುವ ಉಪಾಯ. ದೀಪಾವಳಿ ಪಾಡ್ಯದ ದಿನ ಸಗಣಿಯ ಪಾಂಡವರನ್ನು ಮಾಡಿ ಹೊಸ್ತಿಲಿಗಿಡುತ್ತಿದ್ದ ನಮ್ಮವ್ವ, ಒಂದನ್ನು ಉಳಿಸಿಕೊಂಡು ಹೋಗಿ ಹಿತ್ತಲ ತಿಪ್ಪೆಯ ನೆತ್ತಿಗೂ ಇಟ್ಟು ಕೈಮುಗಿದು ಬರುತ್ತಿದ್ದಳು. ತಿಪ್ಪೆಯೆಂದರೆ ಹೊಲಸು ಎಂಬ ಮಾತು ಆಗ ನಮ್ಮ ಮನೆಯಲ್ಲಿ ಹುಟ್ಟಿರಲಿಲ್ಲ.

ಆ ತಿಪ್ಪೆಗೆ ಒಬ್ಬ ಧಣಿ ಇರುತ್ತಿದ್ದ. 'ಇದು ಯಾರ ತಿಪ್ಪಿ?' ಎಂದು ಕೇಳಿದರೆ ಓಣಿಯ ಸಣ್ಣ ಹುಡುಗನೂ ಉತ್ತರ ಕೊಡುತ್ತಿದ್ದ. ಪಕ್ಕದವರು ಕತ್ತಲಲ್ಲಿ ನಾಲ್ಕು ಬುಟ್ಟಿ ಗೊಬ್ಬರ ಎತ್ತಿಕೊಂಡರೆಂದು ಜಗಳವಾಗಿ, ಅದು ಹಿರಿಯರ ಮುಂದೆ ಬಂದ ಉದಾಹರಣೆಗಳೂ ಉಂಟು. ಅದಕ್ಕೊಂದು ತಿಥಿಯೂ ಇರುತ್ತಿತ್ತು. ಯುಗಾದಿ ಮುಗಿದು ನೆಲ ಒಣಗಿ ಬಿರುಕು ಬಿಟ್ಟಾಗ ಚಕ್ಕಡಿ ಹೂಡಿ ಗೊಬ್ಬರ ಹೊಡೆಯಲು ಶುರುಮಾಡಿದರೆ ರೋಹಿಣಿ ಮಳೆ ಬೀಳುವ ಹೊತ್ತಿಗೆ ತಿಪ್ಪೆಯ ತಗ್ಗು ಖಾಲಿ. ಯಾವ ಹೊಲಕ್ಕೆ ಎಷ್ಟು ಬಂಡಿ ಎಂಬುದು ಹಿಂದಿನ ವರ್ಷವೇ ತೀರ್ಮಾನವಾಗಿರುತ್ತಿತ್ತು.

ಈಗ ನಾನು ಮಾತಾಡಬೇಕಾಗಿರುವುದು ಸರಕಾರಿ ತಿಪ್ಪೆಯನ್ನು ಕುರಿತು. ಒಂದು ಗ್ರಾಮ ಪಂಚಾಯಿತಿ ಊರೊಳಗಿನ ಎಲೆ, ಕಡ್ಡಿ, ಹುಲ್ಲು, ಹೂವಿನ ಕಸವನ್ನೆಲ್ಲ ಒಂದೆಡೆ ತಂದು ಗೊಬ್ಬರ ಮಾಡುವ ಅಂಗಳ ಮಾಡಬೇಕೆಂದರೆ ಎಲ್ಲಿಂದ ಆರಂಭಿಸಬೇಕು? ನಾನಿರುವ ಊರು ಡಂಬಳ. ಗದಗಿನಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ, ಕಪ್ಪತಗುಡ್ಡದ ಮಗ್ಗುಲಲ್ಲಿ. ಆದ್ದರಿಂದ ಡಂಬಳವನ್ನೇ ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತೇನೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರು ಅಂಕಿ ಬದಲಿಸಿಕೊಂಡರೆ ಸಾಕು, ರೀತಿ ಅದೇ.

ಮೊದಲು ನಮ್ಮ ಅಂಗಳದ ಕಸ ಯಾವುದೆಂದು ನೋಡೋಣ. ಅಮೆರಿಕದಲ್ಲಿ ಮನೆಯ ಮುಂದಿನ ಹುಲ್ಲು ಕತ್ತರಿಸಿ, ಶರತ್ಕಾಲದ ಎಲೆ ಗುಡಿಸಿ ಚೀಲ ತುಂಬಿ ಬೀದಿಗಿಡುತ್ತಾರೆ. ಇಲಿನಾಯ್ ರಾಜ್ಯ 1990ರ ಜುಲೈಯಿಂದ ಆ ಕಸವನ್ನು ತಗ್ಗು ತುಂಬಲು ಒಯ್ಯಕೂಡದೆಂದು ನಿಷೇಧಿಸಿತು. ಹೀಗೆ ಬೇರೆ ದಾರಿ ಮುಚ್ಚಿದ್ದರಿಂದಲೇ ಅಲ್ಲಿ ಊರೂರಿಗೆ ಎಲೆಗೊಬ್ಬರದ ಅಂಗಳಗಳು ಬಂದವು. ನಮ್ಮಲ್ಲಿ ಕಸಕ್ಕೆ ಮೊದಲ ಗಿರಾಕಿ ಆಡು. ಅದು ತಿಂದು ಬಿಟ್ಟದ್ದನ್ನು ಒಲೆ ಕೇಳುತ್ತದೆ. ಹತ್ತಿ ಕಟಗಿ, ತೊಗರಿ ಕಟಗಿ, ಜಾಲಿಯ ಟೊಂಗೆ ಯಾವುದೂ ಬೀದಿಗೆ ಬರುವುದಿಲ್ಲ. ಜೋಳದ ಕಣಿಕೆ, ಶೇಂಗಾ ಹೊಟ್ಟು ದನಕ್ಕೆ. ಹಾಗಾದರೆ ಉಳಿಯುವುದೇನು? ಆಡೂ ಮೂಸದ, ಒಲೆಯೂ ಒಲ್ಲೆನ್ನುವ ಕಸ. ಮಾಘ-ಫಾಲ್ಗುಣದಲ್ಲಿ ಬೇವು, ಅರಳಿ, ಬಸರಿ ಉದುರಿಸುವ ಎಲೆ. ಮಳೆಗಾಲದಲ್ಲಿ ಗೋಡೆಯ ಸಂದಿಯಲ್ಲೂ ಏಳುವ ಕಾಂಗ್ರೆಸ್ ಕಸ. ಗುಡಿಯ ಹೂವು. ದಸರಾ-ದೀಪಾವಳಿಯಲ್ಲಿ ಬಾಗಿಲಿಗೆ ಕಟ್ಟಿದ ಬಾಳೆಕಂಬ, ಕಬ್ಬು, ಮಾವಿನ ತೋರಣ, ಚೆಂಡುಹೂವಿನ ಮಾಲೆ. ಉಳ್ಳಾಗಡ್ಡಿ ಹೆಚ್ಚು ಬಂದು ದರ ಬಿದ್ದ ವರ್ಷ ರಸ್ತೆಯ ಪಕ್ಕ ಸುರಿದು ಹೋದ ರಾಶಿ. ಇಷ್ಟೇ ನಮ್ಮ ಬಂಡವಾಳ. ವಿದೇಶದ ಪುಸ್ತಕದಲ್ಲಿಯ ಯಂತ್ರಗಳ ಪಟ್ಟಿಯನ್ನು ನಕಲು ಮಾಡಿ ಅಂದಾಜು ಪತ್ರಿಕೆ ಬರೆಯುವವರು ಒಮ್ಮೆ ನಮ್ಮ ಆಡುಗಳನ್ನು ಕೇಳಿ ಬರೆಯುವುದು ಒಳ್ಳೆಯದು.

ಇನ್ನು ಲೆಕ್ಕ. ಕಸ ಎಷ್ಟಿದೆ ಎಂಬುದನ್ನು ಕಚೇರಿಯಲ್ಲಿ ಕೂತು ಅಂದಾಜು ಮಾಡುವುದು ಬೇಡ. ಬೇಸಿಗೆಯಲ್ಲಿ ಒಂದು ವಾರ, ಮಳೆಗಾಲದಲ್ಲಿ ಒಂದು ವಾರ, ದೀಪಾವಳಿಯಲ್ಲಿ ಒಂದು ವಾರ ಗುಡಿಸಿದ್ದನ್ನೆಲ್ಲ ತೂಗಬೇಕು. ನಾನು ಬೇವಿನೆಲೆಯನ್ನು ಗೊಬ್ಬರದ ಹಳೆಯ ದೊಡ್ಡ ಚೀಲಗಳಲ್ಲಿ ತುಂಬಿ ತೂಗಿ ನೋಡಿದ್ದೇನೆ. ಕಾಲಲ್ಲಿ ತುಳಿದು ತುಂಬಿದರೂ ಚೀಲಕ್ಕೆ ಹತ್ತು ಕಿಲೋ ಆಗುವುದು ಕಷ್ಟ. ಎಲೆ ಹಾಗೆಯೇ: ಕಣ್ಣಿಗೆ ಗುಡ್ಡ, ತಕ್ಕಡಿಗೆ ಗಾಳಿ. ಒಂದು ಘನ ಮೀಟರ್ ಎಲೆ ಸುಮಾರು 100 ಕಿಲೋ ಎಂದು ಹಿಡಿಯಬಹುದು. ಉದಾಹರಣೆಗೆ, ದಿನಕ್ಕೆ 500 ಕಿಲೋ ಎಲೆ ಬರುತ್ತದೆ ಎಂದಿಟ್ಟುಕೊಳ್ಳಿ. ಬೇಸಿಗೆಯ 120 ದಿನಕ್ಕೆ 60 ಟನ್, ಅಂದರೆ 600 ಘನ ಮೀಟರ್. ನೀರು ಹಾಕಿ ತುಳಿದಾಗ ಅದು ಅರ್ಧಕ್ಕೆ ಇಳಿಯುತ್ತದೆ. 10 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಆಳದ ಗುಂಡಿಯಲ್ಲಿ 20 ಘನ ಮೀಟರ್ ಹಿಡಿಯುವುದರಿಂದ ಹದಿನೈದು ಗುಂಡಿ ಬೇಕು. ಗುಂಡಿಗಳ ನಡುವೆ ಓಡಾಡಲು ಎರಡು ಮೀಟರ್ ಬಿಟ್ಟರೆ ಏಳೆಂಟು ಗುಂಟೆ. ಮಳೆಗಾಲದ ಹಸಿ ಕಸದ ಸಾಲುಗಳಿಗೆ ಮೂರು ಗುಂಟೆ, ಆರಿಸುವ ಜಾಗ, ಒಂದು ತಗಡಿನ ಮಾಡು, ಟ್ರ್ಯಾಕ್ಟರ್ ತಿರುಗಿಸುವ ಜಾಗ, ಮಾಗಿದ ಗೊಬ್ಬರ ಒಟ್ಟುವ ಕಟ್ಟೆ ಎಲ್ಲ ಸೇರಿ 20 ಗುಂಟೆ. ಅರ್ಧ ಎಕರೆ. ಇದಕ್ಕಿಂತ ಹೆಚ್ಚು ಕೇಳಿದರೆ ಯಾಕೆ ಎಂದು ಕೇಳಿ. ಐದು ಗುಂಟೆಯಲ್ಲಿ ಮುಗಿಸುತ್ತೇವೆ ಎಂದರೂ ಹೇಗೆ ಎಂದು ಕೇಳಿ.

ಈಗ ಲೆಕ್ಕದ ಇನ್ನೊಂದು ಕೊನೆ. 60 ಟನ್ ಎಲೆ ಕೊಳೆತು ಸೋಸಿದ ಮೇಲೆ 25 ಟನ್ ಗೊಬ್ಬರವಾದರೆ ದೊಡ್ಡದು. ಟ್ರ್ಯಾಕ್ಟರ್ ಟ್ರಾಲಿಯ ಲೆಕ್ಕದಲ್ಲಿ ಹತ್ತು ಹನ್ನೆರಡು ಹೇರು. ಎಕರೆಗೆ ಎರಡು ಟನ್ನಿನಂತೆ ಹಾಕಿದರೂ ಹನ್ನೆರಡು ಎಕರೆ ಮುಗಿಯುವಷ್ಟರಲ್ಲಿ ಗೊಬ್ಬರವೂ ಮುಗಿಯಿತು. ಊರಿಗೆ ಊರೇ ಗುಡಿಸಿದ ಎಲೆ ಹನ್ನೆರಡು ಎಕರೆಗೆ! ಇದನ್ನು ಮೊದಲೇ ಬಾಯಿಬಿಟ್ಟು ಹೇಳಿಬಿಡುವುದು ಲೇಸು. ಗೊಬ್ಬರ ಮಾರಿ ಪಂಚಾಯಿತಿ ಶ್ರೀಮಂತವಾಗುತ್ತದೆ ಎಂದು ಯಾರಾದರೂ ಸಭೆಯಲ್ಲಿ ಹೇಳಿದರೆ ಅದು ತಿಪ್ಪೆ ಸಾರಿಸುವ ಮಾತು. ಅಂಗಳದಿಂದ ಬರುವ ಲಾಭ ಬೇರೆ ಥರದ್ದು: ಬೀದಿ ಬದಿಯಲ್ಲಿ ಎಲೆಗೆ ಬೆಂಕಿ ಹಚ್ಚಿ ಇಡೀ ಓಣಿ ಕೆಮ್ಮುವುದು ತಪ್ಪುತ್ತದೆ, ಗಟಾರು ಕಟ್ಟುವುದು ತಪ್ಪುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತೋಟದ ಕಸವನ್ನು ಬೇರೆಯಾಗಿಡಬೇಕು, ಸುಡಬಾರದು ಎಂದೇ ಹೇಳಿದವು. ಬೇಸಿಗೆಯ ಮುಂಜಾನೆ ನಮ್ಮ ಬೀದಿಗಳಲ್ಲಿ ಏಳುವ ಹೊಗೆ ಮಾತ್ರ ಆ ನಿಯಮ ಓದಿದಂತೆ ಕಾಣುವುದಿಲ್ಲ.

ಜಾಗದ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಮಾತಾಡಬೇಕು, ಯಾಕೆಂದರೆ ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿಯೇ. ಪಂಚಾಯಿತಿಗಳು ಸಾಮಾನ್ಯವಾಗಿ 'ಯಾರೂ ಕೇಳದ ಜಾಗ' ಹುಡುಕುತ್ತವೆ. ಯಾರೂ ಕೇಳದ ಜಾಗ ಎಂದರೆ ಮಳೆಗಾಲದಲ್ಲಿ ಯಾರೂ ಹೋಗಲಾಗದ ಜಾಗವೂ ಆಗಿರುತ್ತದೆ. ನಮ್ಮದು ಎರೆ ಸೀಮೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಾಯಿಬಿಡುತ್ತದೆ. ಅದರ ಮೇಲೆ ಹಾಕಿದ ತೆಳು ಕಾಂಕ್ರೀಟು ಎರಡು ವರ್ಷದಲ್ಲಿ ಹಪ್ಪಳ. ಒಂದು ಹದ ಮಳೆ ಬಿದ್ದರೆ ಟ್ರ್ಯಾಕ್ಟರಿನ ಗಾಲಿ ಅಚ್ಚಿನವರೆಗೆ ಹುಗಿಯುತ್ತದೆ. ತೋಡಿದ ಗುಂಡಿ ಬಾವಿಯಾಗುತ್ತದೆ. ಆದ್ದರಿಂದ ಗುಡ್ಡದ ಕಡೆಯ ಮಸಾರಿ ನೆಲ, ಗರಸು ನೆಲ ಸಿಕ್ಕರೆ ಅದೇ ವಾಸಿ. ಆದರೆ ಮಸಾರಿಗೆ ಇನ್ನೊಂದು ಗುಣವಿದೆ. ಅದು ನೀರನ್ನು ಬೇಗ ಕೆಳಗಿಳಿಸುತ್ತದೆ. ಕೊಳೆತ ಎಲೆಯಿಂದ ಒಸರುವ ಕಂದು ನೀರನ್ನೂ ಹಾಗೆಯೇ ಇಳಿಸುತ್ತದೆ. ಕೆಳಗೆ ನಮ್ಮ ಕೆರೆ ಇದೆ. ಹೀಗಾಗಿ ಗುಂಡಿಗಳ ತಳಕ್ಕೆ ಅರ್ಧ ಅಡಿ ಎರೆ ಮಣ್ಣು ತಂದು ತುಳಿದು ಮೆತ್ತಬೇಕು. ಎರೆಯ ದೋಷವೇ ಇಲ್ಲಿ ಗುಣ. ನೀರು ಬಿಡದ ಅದರ ಹಟ ನಮಗೆ ಬೇಕಾದದ್ದೇ. ಅಂಗಳಕ್ಕೆ ನೂರು ಅಡಿಗೆ ಎರಡು ಮೂರು ಅಡಿ ಇಳಿಜಾರು ಕೊಟ್ಟು, ಮೇಲ್ಬದಿಗೆ ಒಡ್ಡು ಹಾಕಿ ಗುಡ್ಡದ ನೀರನ್ನು ಹೊರಗೆ ತಿರುಗಿಸಿ, ಕೆಳಬದಿಗೆ ಒಂದು ತಗ್ಗು ಮಾಡಿ ಕಂದು ನೀರನ್ನು ಹಿಡಿದು ಮತ್ತೆ ಗುಂಡಿಗೇ ಹಾಕಬೇಕು.

ದೂರದ ಲೆಕ್ಕ ಹೀಗೆ. ಕಸ ಹೂಳುವ ಜಾಗಗಳು ಕೆರೆಯಿಂದ, ಮನೆಗಳಿಂದ, ಹೆದ್ದಾರಿಯಿಂದ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್ ದೂರವಿರಬೇಕೆಂದು 2016ರ ನಿಯಮಗಳಲ್ಲಿತ್ತು. ಎಲೆಗೊಬ್ಬರ ಅಷ್ಟು ಕೆಟ್ಟದ್ದಲ್ಲದಿದ್ದರೂ ಅದೇ ಅಳತೆಗೋಲು ಹಿಡಿದರೆ ನಷ್ಟವಿಲ್ಲ. ಡಂಬಳಕ್ಕೆ ಇನ್ನೊಂದು ಗಡಿಯಿದೆ. ದೊಡ್ಡಬಸಪ್ಪನ ಗುಡಿ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಂಥ ಸ್ಮಾರಕದ ಸುತ್ತ 100 ಮೀಟರ್ ಏನೂ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. ಆ ಗುಡಿಯ ಮಾತು ಬಂತು, ಲೆಕ್ಕದ ಮೇಷ್ಟರ ಒಂದು ಅಡ್ಡಮಾತು ಕ್ಷಮಿಸಿ. ಹನ್ನೆರಡನೆಯ ಶತಮಾನದ ಆ ಗರ್ಭಗುಡಿಯ ಹೊರಗೋಡೆಗೆ 24 ಮೂಲೆಗಳ ನಕ್ಷತ್ರದ ಆಕಾರ. ಒಂದು ಚೌಕವನ್ನು ಒಂದೇ ಕೇಂದ್ರದ ಸುತ್ತ ಹದಿನೈದು ಹದಿನೈದು ಡಿಗ್ರಿಯಂತೆ ತಿರುಗಿಸುತ್ತ ಹೋದರೆ ಆರು ಚೌಕಕ್ಕೆ ಇಪ್ಪತ್ತನಾಲ್ಕು ಮೂಲೆ ಬರುತ್ತವೆ. ಮಕ್ಕಳನ್ನು ಕರೆದೊಯ್ದು ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಬರೆಸುತ್ತಿದ್ದೆ. ಮೊದಲ ಕಲ್ಲು ಇಡುವ ಮುಂಚೆ ಕಟ್ಟಡವೆಲ್ಲ ಆ ರೂವಾರಿಯ ಹಗ್ಗದಲ್ಲಿತ್ತು. ಇಪ್ಪತ್ತು ಗುಂಟೆಯ ಅಂಗಳಕ್ಕೆ ಒಂದು ಹಾಳೆ ನಕ್ಷೆ ಬರೆಯಲು ನಮಗೆ ಬೇಸರ.

ಗಾಳಿಯನ್ನು ಮರೆಯಬಾರದು. ಕಪ್ಪತಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳೇ ಹೇಳುತ್ತವೆ ನಮ್ಮ ಆಷಾಢದ ಗಾಳಿ ಎಂಥದೆಂದು. ಮಳೆಗಾಲದಲ್ಲಿ ಅದು ಪಡುವಣ-ನೈಋತ್ಯದಿಂದ ಬೀಸುತ್ತದೆ. ಹಸಿ ಕಸ ನಾರುವುದೂ ಆಗಲೇ. ಹಾಗಾಗಿ ಅಂಗಳ ಊರಿನ ಮೂಡಣಕ್ಕೋ ಈಶಾನ್ಯಕ್ಕೋ ಇದ್ದರೆ ನಾತ ಊರು ಬಿಟ್ಟು ಹೋಗುತ್ತದೆ. ಆದರೆ ನಾನು ಈಗಷ್ಟೇ ಹೊಗಳಿದ ಮಸಾರಿ ನೆಲ ಗುಡ್ಡದ ಕಡೆಗೆ, ಅಂದರೆ ಗಾಳಿ ಬರುವ ಬದಿಗೆ! ಮಣ್ಣು ಒಂದು ದಿಕ್ಕು ತೋರಿಸಿದರೆ ಗಾಳಿ ಇನ್ನೊಂದು ದಿಕ್ಕು ತೋರಿಸುತ್ತದೆ. ಎರಡನ್ನೂ ಕಾಲಿನಲ್ಲಿ ನಡೆದೇ ತೂಗಬೇಕು. ನನ್ನ ಮತ ಕೇಳಿದರೆ, ಮೂಡಣದಲ್ಲಿ ಎರೆ ಹೊಲವೇ ಗತಿಯಾದರೆ ಗುಂಡಿ ತೋಡುವುದನ್ನು ಬಿಟ್ಟು ನೆಲಕ್ಕೆ ಎರಡು ಅಡಿ ಗರಸು ಹಾಕಿ ಮೇಲೆ ಇಟ್ಟಿಗೆಯ ತೊಟ್ಟಿ ಕಟ್ಟಬಹುದು. ಮಹಾರಾಷ್ಟ್ರದ ಪುಸದ ಊರಿನ ನಾರಾಯಣ ದೇವತಾವ ಪಾಂಢರಿಪಾಂಡೆಯವರು ರೂಪಿಸಿದ ನಾಡೆಪ್ ತೊಟ್ಟಿ ಅಂಥದ್ದು: ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಎತ್ತರ, ಗೋಡೆಯಲ್ಲಿ ಗಾಳಿಯಾಡಲು ಕಿಂಡಿ. ಉದ್ಯೋಗ ಖಾತ್ರಿಯಲ್ಲಿ ಅದನ್ನು ಕಟ್ಟಿಸಿದ ಊರುಗಳು ಬಹಳ. ಖರ್ಚು ಮಾತ್ರ ಗುಂಡಿಗಿಂತ ಹೆಚ್ಚು.

ಊರು ಬೆಳೆಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಂಗಳೂರಿನ ಕಸವನ್ನು ಗೊಬ್ಬರ ಮಾಡಲೆಂದು 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತು. ಅದರ ಅಂಗಳ ಕೂಡ್ಲು ಹತ್ತಿರ, ಆಗ ಊರಾಚೆ. ಮುಂದೆ ಎಚ್‌ಎಸ್‌ಆರ್ ಬಡಾವಣೆ ಬೆಳೆಯುತ್ತ ಬಂದು ಅದರ ಬೇಲಿಗೆ ತಾಗಿತು. ನಾತದ ವಿರುದ್ಧ ನಿವಾಸಿಗಳ ದೂರು ಶುರುವಾಯಿತು. ಗೊಬ್ಬರದ ಅಂಗಳವೇ ಮೊದಲು ಬಂದದ್ದು, ಮನೆಗಳು ಆಮೇಲೆ. ಆದರೆ ಮೊದಲು ಬಂದವರ ಮಾತು ನಡೆಯುವುದು ಬಸ್ಸಿನ ಸೀಟಿನಲ್ಲಿ ಮಾತ್ರ. ನಮ್ಮಲ್ಲಿಯೂ ಮುಂದಿನ ಆಶ್ರಯ ನಿವೇಶನಗಳು ಯಾವ ಸರ್ವೆ ನಂಬರಿನಲ್ಲಿ ಬರಲಿವೆ ಎಂದು ಕೇಳಿಕೊಂಡೇ ಅಂಗಳಕ್ಕೆ ಜಾಗ ಗೊತ್ತುಮಾಡಬೇಕು.

ಗ್ರಾಮಸಭೆಗೆ ಒಯ್ಯದೆ ಜಾಗ ಗೊತ್ತು ಮಾಡಬಾರದು ಎಂದು ನಮ್ಮ ಸೀಮೆಯ ಜನಕ್ಕೆ ಹೇಳಿಕೊಡಬೇಕಿಲ್ಲ. 2011ರಲ್ಲಿ ಹಳ್ಳಿಗುಡಿ ಸುತ್ತಿನ ಸಾವಿರಾರು ಎಕರೆಯನ್ನು ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಕೇಳಿದಾಗ ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಎದ್ದು ನಿಂತ ಜನ ಇವರು. ಕಪ್ಪತಗುಡ್ಡದ ಉಳಿವಿಗಾಗಿ ನಡೆದ ಹೋರಾಟವೂ ಇವರದೇ. 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಅಂದಹಾಗೆ, ಅಂಗಳಕ್ಕೆ ಕಸ ಸಾಲದೆಂದು ಗುಡ್ಡಕ್ಕೆ ಹೋಗಿ ಎಲೆ ಗುಡಿಸಿ ತರುವ ಯೋಚನೆಯನ್ನು ಯಾರೂ ಮಾಡಬಾರದು. ಆ ಎಲೆ ಆ ಗುಡ್ಡದ ಅನ್ನ.

ಈಗ ನೀರು. ಒಂದು ಮಾತಿನಲ್ಲಿ ಹೇಳಬೇಕೆಂದರೆ ನಮ್ಮಲ್ಲಿ ಎಲೆ ಬರುವಾಗ ನೀರು ಇಲ್ಲ, ನೀರು ಬರುವಾಗ ಎಲೆ ಇಲ್ಲ. ಒಣ ಎಲೆ ಕೊಳೆಯಬೇಕಾದರೆ ನೆನೆದ ರಾಶಿಯ ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನೀರಿರಬೇಕು. ಲೆಕ್ಕ ಹಾಕಿದರೆ ಒಂದು ಕಿಲೋ ಒಣ ಎಲೆಗೆ ಒಂದು ಲೀಟರ್ ನೀರು. ದಿನಕ್ಕೆ 500 ಕಿಲೋ ಎಲೆಗೆ 500 ಲೀಟರ್, ಅದೂ ಹೆಂಗಸರು ಕೊಡ ಹಿಡಿದು ನಳದ ಮುಂದೆ ನಿಂತಿರುವ ಏಪ್ರಿಲ್ ತಿಂಗಳಲ್ಲಿ. ಕುಡಿಯುವ ನೀರನ್ನು ಕಸಕ್ಕೆ ಸುರಿದರೆ ಊರು ಒಪ್ಪುವುದಿಲ್ಲ, ಒಪ್ಪಲೂಬಾರದು. ಮಳೆ ಬರುವವರೆಗೆ ಎಲೆಯನ್ನು ಒಟ್ಟಿಡೋಣವೆಂದರೆ ಒಂದು ಬೀಡಿಯ ತುಂಡು ಸಾಕು. ಶುದ್ಧ ನೀರಿನ ಘಟಕದ ಹಿಂದೆ ಹರಿದು ಹೋಗುವ ನೀರನ್ನು ಬಳಸೋಣವೆಂದು ಕೆಲವರು ಹೇಳುತ್ತಾರೆ. ನಮ್ಮ ಕೊಳವೆಬಾವಿಗಳ ಉಪ್ಪು, ಫ್ಲೋರೈಡು ಎಲ್ಲ ಒಟ್ಟಾಗಿ ಸೇರಿರುವುದು ಆ ನೀರಿನಲ್ಲಿಯೇ. ಅದನ್ನು ನಾಲ್ಕು ತಿಂಗಳು ಗುಂಡಿಗೆ ಕುಡಿಸಿ ಎರೆ ಹೊಲಕ್ಕೆ ಒಯ್ದರೆ ಉಪ್ಪನ್ನು ಬಿತ್ತಿದಂತೆ. ಬಚ್ಚಲ ನೀರನ್ನು ಗಟಾರಿನಿಂದ ತಿರುಗಿಸಿ ಒಂದು ತೊಟ್ಟಿಯಲ್ಲಿ ತಿಳಿಗೊಳಿಸಿ ಹಾಕುವುದು ನನಗೆ ಕಂಡ ದಾರಿ.

ಇಲ್ಲಿಯೇ ಗುಂಡಿಯೋ ರಾಶಿಯೋ ಎಂಬ ಹಳೆಯ ವಾದ ಕೆಲಸಕ್ಕೆ ಬರುತ್ತದೆ. 1924ರಿಂದ 1931ರವರೆಗೆ ಇಂದೂರಿನಲ್ಲಿದ್ದ ಕೃಷಿ ವಿಜ್ಞಾನಿ ಆಲ್ಬರ್ಟ್ ಹೊವಾರ್ಡ್ ಅವರು ಕಸವನ್ನು ಪದರ ಪದರವಾಗಿ ಒಟ್ಟಿ, ಹದಿನೈದು ದಿನವಾದಾಗ ಒಮ್ಮೆ, ತಿಂಗಳಾದಾಗ ಒಮ್ಮೆ, ಎರಡು ತಿಂಗಳಾದಾಗ ಒಮ್ಮೆ ತಿರುವಿ ಹಾಕುವ ಕ್ರಮ ಮಾಡಿದರು. ನಾಲ್ಕು ತಿಂಗಳಲ್ಲಿ ಗೊಬ್ಬರ. ಅದಕ್ಕೆ ನೀರೂ ಬೇಕು, ಆಳೂ ಬೇಕು. 1939ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಸಿ. ಎನ್. ಆಚಾರ್ಯರು ಇನ್ನೊಂದು ದಾರಿ ತೋರಿಸಿದರು. ಒಂದು ಮೀಟರ್ ಆಳದ ಗುಂಡಿಯಲ್ಲಿ ಕಸ ಮತ್ತು ಮಲದ ಪದರಗಳನ್ನು ತುಂಬಿ, ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡುವುದು. ಮುಚ್ಚಿದ ಮೇಲೆ ತಿರುವುವಂತಿಲ್ಲ, ನೀರು ಹಾಕುವಂತಿಲ್ಲ. ಆರರಿಂದ ಎಂಟು ತಿಂಗಳು ಬೇಕು, ಆದರೆ ತೇವ ಆರುವುದಿಲ್ಲ, ಸಾರಜನಕ ಹಾರಿ ಹೋಗುವುದೂ ಕಡಿಮೆ. ಪ್ರಪಂಚದ ಪುಸ್ತಕಗಳಲ್ಲಿ ಇದಕ್ಕೆ ಬೆಂಗಳೂರು ಪದ್ಧತಿ ಎಂದೇ ಹೆಸರು. ಮಲದ ಜಾಗದಲ್ಲಿ ಸಗಣಿ ಹಾಕಿಕೊಂಡರೆ ನಮ್ಮ ಬೇಸಿಗೆಗೆ ಹೇಳಿ ಮಾಡಿಸಿದ ಕ್ರಮ ಇದು. ಮಳೆಗಾಲದ ಹಸಿ ಕಸಕ್ಕೆ, ದೀಪಾವಳಿಯ ಬಾಳೆಕಂಬಕ್ಕೆ ಇಂದೂರಿನ ರಾಶಿ. ಬಾಳೆಯ ದಿಂಡು ತೂಕದಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರೇ. ಅದನ್ನು ಕೊಚ್ಚಿ ಒಣ ಕಸದ ನಡುವೆ ಇಟ್ಟರೆ ಬೇರೆ ನೀರು ತರಬೇಕಿಲ್ಲ.

ಕಾಂಗ್ರೆಸ್ ಕಸ ಮಾತ್ರ ಹೂ ಬಿಡುವ ಮೊದಲೇ ಬರಬೇಕು. ಹೂ ಬಿಟ್ಟು ಬೀಜ ಕಟ್ಟಿದ್ದನ್ನು ಮಣ್ಣು ಮುಚ್ಚಿದ ತಣ್ಣನೆಯ ಗುಂಡಿಗೆ ಹಾಕಿದರೆ ಗೊಬ್ಬರದ ಜೊತೆ ಅದನ್ನೂ ಹೊಲಕ್ಕೆ ಬಿತ್ತಿದಂತೆ. ಬಿಸಿಯಾಗಿ ಕಾಯುವ ರಾಶಿಯಲ್ಲಿ ಶಾಖ 55 ಡಿಗ್ರಿಗೆ ಮೇಲೆ ಹಲವು ದಿನ ನಿಂತರೆ ಬೀಜ ಸಾಯುತ್ತದೆ, ರಾಶಿಯ ಹೊರ ಮೈ ಒಳಗೆ ಬರುವ ಹಾಗೆ ತಿರುವಿದರೆ ಮಾತ್ರ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆದು ಹಿಡಿಯಿರಿ. ಹಿಡಿದ ಕೈ ತಾನಾಗಿ ಬಿಟ್ಟರೆ ರಾಶಿ ಕೆಲಸ ಮಾಡುತ್ತಿದೆ.

ನನ್ನದೇ ಒಂದು ಸೋಲನ್ನು ಹೇಳಿಬಿಡುತ್ತೇನೆ. ನಿವೃತ್ತನಾದ ವರ್ಷ ಹುಮ್ಮಸ್ಸಿನಲ್ಲಿ ಹಿತ್ತಲಲ್ಲಿ ಗುಂಡಿ ತೋಡಿ ಎರಡು ಬೇವಿನ ಮರದ ಎಲೆಯನ್ನೆಲ್ಲ ತುಂಬಿ ಮುಚ್ಚಿದೆ. ವರ್ಷ ಬಿಟ್ಟು ತೆಗೆದರೆ ಮೇಲೆ ಎಲೆ, ನಡುವೆ ಎಲೆ, ತಳದಲ್ಲಿ ಎಲೆ. ಜೊತೆಗೆ ಒಂದು ಚೇಳಿನ ಸಂಸಾರ. 'ಬೇವು ಕೊಳಿಯೂದಿಲ್ಲ ಸರ, ಅದು ವಿಷ' ಎಂದರು ಪಕ್ಕದ ಹೊಲದವರು. ವಿಷವಲ್ಲ, ನನ್ನ ಲೆಕ್ಕ ತಪ್ಪಿತ್ತು. ಕೊಳೆಸುವ ಸೂಕ್ಷ್ಮಜೀವಿಗೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದು ಮೂವತ್ತು ಪಾಲು ಇಂಗಾಲ ಹಿತ. ಮರ ತಾನಾಗಿ ಉದುರಿಸಿದ ಒಣ ಎಲೆಯಲ್ಲಿ ಇಂಗಾಲ ಅದಕ್ಕೆ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ರೊಟ್ಟಿ ಬುಟ್ಟಿ ತುಂಬ ಇದೆ, ಪಲ್ಯವಿಲ್ಲ. ಮರುವರ್ಷ ಆರು ಇಂಚು ಎಲೆಗೆ ಒಂದು ಪದರ ಸಗಣಿ ಬಗ್ಗಡ, ಒಂದು ಹಿಡಿ ಹಳೆಯ ಗೊಬ್ಬರ ಹಾಕಿದೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಮಾಡಿದೆ. ಎಂಟನೆಯ ತಿಂಗಳಿಗೆ ಬೇವಿನೆಲೆಯ ನಡುದಂಟುಗಳು ಬಿಟ್ಟರೆ ಉಳಿದದ್ದೆಲ್ಲ ಕಪ್ಪು ಮಣ್ಣು.

ಆದರೆ ಊರಿನ 60 ಟನ್ ಎಲೆಗೆ ಸಗಣಿ ಎಲ್ಲಿಂದ? ಬಸವಣ್ಣನ ದೊಡ್ಡ ಮೂರ್ತಿ ಇರುವ ಊರಿನಲ್ಲಿ ಎತ್ತಿನ ಕೊಟ್ಟಿಗೆಗಳು ಒಂದೊಂದಾಗಿ ಟ್ರ್ಯಾಕ್ಟರಿನ ಮಾಡುಗಳಾಗುತ್ತಿವೆ. ಇರುವ ಸಗಣಿಗೆ ಅದರ ಧಣಿಯ ತಿಪ್ಪೆ ಇದೆ; ಅವನು ಯಾಕೆ ಪಂಚಾಯಿತಿಗೆ ಕೊಡಬೇಕು? ಕೊಡುತ್ತಾನೆ, ಅವನಿಗೆ ಗೊಬ್ಬರ ವಾಪಸು ಸಿಗುತ್ತದೆ ಎಂದಾದರೆ. ಒಂದು ಬುಟ್ಟಿ ಸಗಣಿಗೆ ಇಷ್ಟು ಬುಟ್ಟಿ ಗೊಬ್ಬರ ಎಂದು ಲೆಕ್ಕ ಬರೆದು, ಯುಗಾದಿಯ ನಂತರ ಅಂಗಳದ ಬಾಗಿಲು ತೆರೆದ ದಿನ ಚೀಟಿ ತೋರಿಸಿ ಒಯ್ಯಬೇಕು. ಆಗ ಅಂಗಳಕ್ಕೆ ಒಬ್ಬನಲ್ಲ, ನಲವತ್ತು ಮಂದಿ ಧಣಿಗಳಾದರು. ಗುಂಡಿಗೆ ಪ್ಲಾಸ್ಟಿಕ್ ಬಿದ್ದರೆ ಅವರೇ ಬೈಯುತ್ತಾರೆ, ಪಂಚಾಯಿತಿಯ ನೋಟೀಸು ಬೇಕಿಲ್ಲ. ಇದು ನನ್ನ ತಲೆಯ ಹೊಸ ವಿಚಾರವೇನಲ್ಲ. ಪಾಲು ಹಾಕಿ ಪಾಲು ಪಡೆಯುವ ಸಹಕಾರ ಸಂಘವನ್ನು 1905ರಲ್ಲಿಯೇ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಜಿಲ್ಲೆ ನಮ್ಮದು. ದುಡ್ಡಿನಲ್ಲಿ ನಡೆದದ್ದು ಸಗಣಿಯಲ್ಲಿ ನಡೆಯದೇ?

ಹಾಗಾಗಿ ನಾನು ಹೇಳುವುದು, ಯೋಜನೆಯನ್ನು ಗೇಟಿನ ಒಳಗೆ ಬರುವ ಕಸದಿಂದ ಶುರುಮಾಡಬೇಡಿ, ಹೊರಗೆ ಹೋಗುವ ಟ್ರಾಲಿಯಿಂದ ಶುರುಮಾಡಿ. ಯಾರ ಹೊಲಕ್ಕೆ, ಯಾವ ತಿಂಗಳು, ಎಷ್ಟು ಹೇರು? ನಮ್ಮ ರೈತ ಗೊಬ್ಬರ ಹೊಡೆಯುವುದು ಬೇಸಿಗೆಯಲ್ಲಿ, ಹೊಲ ಗಟ್ಟಿಯಿದ್ದಾಗ. ಫೆಬ್ರುವರಿಯ ಎಲೆ ಅಕ್ಟೋಬರಿಗೆ ಮಾಗಿದರೆ ಆಗ ಎರೆ ಹೊಲದಲ್ಲಿ ಹಿಂಗಾರಿ ಬಿತ್ತನೆ, ಟ್ರಾಲಿ ಇಳಿಯುವಂತಿಲ್ಲ. ಅಂದಮೇಲೆ ಗೊಬ್ಬರ ಮತ್ತೆ ಯುಗಾದಿಯವರೆಗೆ ಕಾಯಬೇಕು. ಅದಕ್ಕೇ ಮೊದಲೇ ಲೆಕ್ಕದಲ್ಲಿ ಮಾಗಿದ ಗೊಬ್ಬರಕ್ಕೊಂದು ಕಟ್ಟೆ ಹಿಡಿದದ್ದು. ಬಹಳ ಅಂಗಳಗಳ ನಕ್ಷೆಯಲ್ಲಿ ಆ ಕಟ್ಟೆಯೇ ಇರುವುದಿಲ್ಲ. ಹಳೆಯದು ತುಂಬಿರುವಾಗ ಹೊಸ ಎಲೆ ಬಂದು ಗೇಟಿನ ಹೊರಗೆ ಬೀಳುತ್ತದೆ, ಅಲ್ಲಿಂದ ರಸ್ತೆಗೆ, ಅಲ್ಲಿಂದ ಬೆಂಕಿಗೆ.

ಕಟ್ಟಿ ಕೈಬಿಡುವ ಚಾಳಿಯ ಬಗ್ಗೆ ಒಂದು ಮಾತು. ಈಗ ಹಳ್ಳಿಹಳ್ಳಿಗೆ ಕಸ ವಿಂಗಡಿಸುವ ಸ್ವಚ್ಛ ಸಂಕೀರ್ಣಗಳು ಬಂದಿವೆ, ಸ್ವಚ್ಛ ವಾಹಿನಿಯ ಚಕ್ರ ಹಿಡಿದು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕಸ ಎತ್ತುತ್ತಿದ್ದಾರೆ. ಅವರ ಕೆಲಸ ಕಂಡು ನನಗೆ ನಿಜವಾಗಿ ಹಿಗ್ಗು. ಬೀಗ ಬಿದ್ದ ಷೆಡ್ಡುಗಳನ್ನೂ ಕಂಡಿದ್ದೇನೆ. ಯಾವ ಊರೆಂದು ಹೇಳುವುದಿಲ್ಲ. ಷೆಡ್ಡಿಗೆ ಹಣ ಬಂದಿತ್ತು, ಷೆಡ್ಡಿನಲ್ಲಿ ಗುದ್ದಲಿ ಹಿಡಿಯುವವರ ಪಗಾರಕ್ಕೆ ಬಂದಿರಲಿಲ್ಲ. ಇದೇ ಡಂಬಳಕ್ಕೆ ಧರ್ಮವೊಳಲು ಎಂಬ ಹೆಸರಿದ್ದ ಕಾಲದ, 1095ರ ಸುಮಾರಿನ ಒಂದು ಶಾಸನವಿದೆ. ಹದಿನಾರು ಮಂದಿ ಸೆಟ್ಟಿಗಳು ಇಲ್ಲಿ ಬೌದ್ಧ ವಿಹಾರ ಕಟ್ಟಿಸಿದರು. ಕಟ್ಟಿಸಿ ಹೋಗಲಿಲ್ಲ. ಬುದ್ಧ ಮತ್ತು ತಾರಾದೇವಿಯ ಪೂಜೆಗೆ, ಭಿಕ್ಷುಗಳ ಊಟಕ್ಕೆ, ಬಟ್ಟೆಗೆ ದತ್ತಿಯನ್ನೂ ಬಿಟ್ಟರು. ಹಾಗೆಯೇ ಅಂಗಳದಲ್ಲಿ ದುಡಿಯುವ ಇಬ್ಬರಿಗೆ ವರ್ಷದ ಪಗಾರ, ಉದ್ದ ಹಿಡಿಯ ಗುದ್ದಲಿ, ಧೂಳಿಗೆ ಮುಖಗವಸು, ಚೇಳಿಗೆ ಬೂಟು ಇವು ಅಂದಾಜು ಪತ್ರಿಕೆಯ ಮೊದಲ ಸಾಲಿನಲ್ಲಿರಲಿ. ಕಮಾನು, ನಾಮಫಲಕ ಕೊನೆಗೆ ದುಡ್ಡು ಉಳಿದರೆ ನೋಡೋಣ.

ಇನ್ನು ಕಸ ಆರಿಸುವ ಕೆಲಸ. ನಮ್ಮೂರ ರೊಟ್ಟಿ ಜಾತ್ರೆ ನೋಡಿದವರಿಗೆ ಗೊತ್ತು. ರೊಟ್ಟಿಯ ಮೇಲೆ ಕರಿಂಡಿ, ಬಜ್ಜಿ ಹಾಕಿಸಿಕೊಂಡು ಕೈಯಲ್ಲೇ ಹಿಡಿದು ತಿನ್ನುತ್ತಾರೆ, ತಟ್ಟೆಯೇ ಬೇಡ. ಇಡೀ ವರ್ಷ ನಾವು ಅಷ್ಟು ಜಾಣರಿದ್ದರೆ ಅಂಗಳದಲ್ಲಿ ಆರಿಸುವ ಕೆಲಸವೇ ಇರುತ್ತಿರಲಿಲ್ಲ. ಉಳ್ಳಾಗಡ್ಡಿ ರಾಶಿಯ ಜೊತೆ ಬರುವ ನೈಲಾನ್ ಚೀಲದ ಎಳೆ, ಗುಟ್ಕಾ ಚೀಟಿ, ಹಾರಗಳಲ್ಲಿಯ ಜರಿದಾರ ಇವು ಗುಂಡಿಗೆ ಹೋದರೆ ಮುಂದೆ ಜರಡಿ ಹಿಡಿದವರ ಗೋಳು ಕೇಳಬೇಡಿ. ಮಾರುವ ನಗರ ಗೊಬ್ಬರ ನೂರಕ್ಕೆ ತೊಂಬತ್ತರಷ್ಟು 4 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕೆಂದು ಸರಕಾರದ ರಸಗೊಬ್ಬರ ಆದೇಶದಲ್ಲಿದೆ. ಮಾರದಿದ್ದರೂ ಅದೇ ಜರಡಿ ಇಟ್ಟುಕೊಂಡರೆ ಹೊಲದವರು ಮತ್ತೆ ಬರುತ್ತಾರೆ.

ನಮ್ಮ ಓಣಿಯ ಹುಡುಗರಿಗೆ ಈ ಲೆಕ್ಕವನ್ನೆಲ್ಲ ಹೇಳಿದಾಗ ಒಬ್ಬ ಕೇಳಿದ, 'ಸರ, ನಿಮ್ಮ ದಿನಕ್ಕ 500 ಕಿಲೋ ಅನ್ನೂದು ಖರೇ ಐತೋ, ಅಂದಾಜೋ?' ಅಂದಾಜೇ ಎಂದು ಒಪ್ಪಿಕೊಂಡೆ. ಈ ಸಲ ಬೇವು ಎಲೆ ಉದುರಿಸತೊಡಗಿದ ಕೂಡಲೇ ಒಂದು ವಾರ ಊರಿನ ನಾಲ್ಕು ಓಣಿ ಗುಡಿಸಿ ತೂಗುವುದೆಂದು ಮಾತಾಗಿದೆ. ಹತ್ತಿ ತೂಗುವ ತಕ್ಕಡಿ ಒಂದು ಸಿಕ್ಕಿದೆ. ಚೀಲಗಳು ಸಾಲವು, ಯಾರ ಮನೆಯ ಅಟ್ಟದಲ್ಲಿಯಾದರೂ ಹರಿಯದ ಗೊಬ್ಬರದ ಚೀಲಗಳಿದ್ದರೆ ಎತ್ತಿಡಿ, ಹುಡುಗರು ಬಂದು ಒಯ್ಯುತ್ತಾರೆ.